ಹಿಂದಿನ ಆಸನದ ಪ್ರಯಾಣಿಕರು

ದೂರದ ಊರಿಗೆ ಹೊರಡುವ ಮುನ್ನ ಗೃಹಸ್ಥನು ಕಾರಿನ ಗಾಲಿಗಳಿಗೆ ಗಾಳಿ ತುಂಬಿಸುತ್ತಾನೆ. ಎಣ್ಣೆ ನೀರುಗಳನ್ನು ಪರೀಕ್ಷಿಸುತ್ತಾನೆ. ಗೃಹಿಣಿಯು ರೊಟ್ಟಿ, ಶೇಂಗಾಹಿಂಡಿಗಳ ಬುತ್ತಿ ಕಟ್ಟುತ್ತಾಳೆ. ಆದರೆ ಹಿಂದಿನ ಆಸನದಲ್ಲಿ ಐದಾರು ಗಂಟೆಗಳ ಕಾಲ ಕುಳಿತಿರಬೇಕಾದ ಮಕ್ಕಳ ಮನಸ್ಸಿಗೆ ಯಾವ ಬುತ್ತಿ ಕಟ್ಟಬೇಕೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಅದರ ಫಲವು ಮೊದಲ ಅರ್ಧ ಗಂಟೆಯಲ್ಲಿಯೇ ತಿಳಿಯುತ್ತದೆ.

“ಅಪ್ಪಾ, ಸೇಡಂ ಇನ್ನೂ ಎಷ್ಟು ದೂರ ಅದ?”

“ಈಗ ಬರ್ತದ, ಸುಮ್ಮ ಕೂಡು.”

“ಆಗಳೇನೂ ಹಂಗೇ ಅಂದಿದ್ದಿ!”

ಕಲಬುರಗಿಯಿಂದ ಸೇಡಮಿನ ಮೇಲೆ ಹೈದರಾಬಾದಿಗೆ ಸಾಗುವ ದಾರಿಯಲ್ಲಿ ಈ ಸಂಭಾಷಣೆ ನಡೆಯದ ಕಾರು ವಿರಳವೆನ್ನಬೇಕು. ತಪ್ಪು ಮಗುವಿನದಲ್ಲ. ದೊಡ್ಡವರಿಗೆ ಕಿಲೋಮೀಟರು, ಗಂಟೆಗಳ ಲೆಕ್ಕವುಂಟು. ಐದು ವರ್ಷದ ಕೂಸಿಗೆ ಅದಿಲ್ಲ. ಅದಕ್ಕೆ ಬೇಕಾದುದು ಕಣ್ಣಿಗೆ ಕಾಣುವ ಗುರುತು. “ಕಾಗಿಣಾ ನದಿ ದಾಟಬೇಕು, ಮಳಖೇಡದ ಕೋಟೆ ಕಾಣಬೇಕು, ಸಿಮೆಂಟು ಕಾರ್ಖಾನೆಯ ಹೊಗೆಕೊಳವೆ ಕಾಣಬೇಕು, ಮೂರೂ ಮುಗಿದ ಮೇಲೆ ಸೇಡಂ” ಎಂದರೆ ಮಗು ಪ್ರಶ್ನೆ ಕೇಳುವುದನ್ನು ಬಿಟ್ಟು ಕಿಟಕಿಯತ್ತ ತಿರುಗುತ್ತದೆ.

ಇದು ಕೇವಲ ಕಿರಿಕಿರಿ ತಪ್ಪಿಸಿಕೊಳ್ಳುವ ಉಪಾಯವೆಂದು ಭಾವಿಸಬಾರದು. ಗಂಟೆಗೆ ಅರವತ್ತು ಕಿಲೋಮೀಟರು ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಹೋಗುತ್ತದೆ. ಜಗಳವಾಡುವ ಮಕ್ಕಳನ್ನು ಗದರಿಸಲು ಚಾಲಕನಾದ ತಂದೆ ಎರಡು ಸೆಕೆಂಡು ಹಿಂದಿರುಗಿ ನೋಡಿದರೆ, ಮೂವತ್ತು ಮೀಟರಿಗೂ ಮಿಕ್ಕ ದಾರಿಯನ್ನು ಆ ಕುಟುಂಬವು ಕಣ್ಣು ಮುಚ್ಚಿಕೊಂಡು ಸಾಗಿದಂತೆಯೇ ಸರಿ. ಕಲ್ಲು, ಸಿಮೆಂಟು ಹೊತ್ತ ಲಾರಿಗಳು ಸಾಲುಗಟ್ಟುವ ಈ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಆದುದರಿಂದ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಚಾಲಕನದಾಗಬಾರದು. ಪಕ್ಕದಲ್ಲಿ ಕುಳಿತ ಹಿರಿಯರದಾಗಬೇಕು. ತೊಡೆಯ ಮೇಲೆ ಕೂರಿಸಿಕೊಳ್ಳುವ ಮಮತೆಯೂ ಅಪಾಯದ್ದೇ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ, ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸುರಕ್ಷಾ ಪಟ್ಟಿಯನ್ನಾಗಲಿ, ಮಕ್ಕಳ ಆಸನವನ್ನಾಗಲಿ ಒದಗಿಸದಿದ್ದರೆ ಸಾವಿರ ರೂಪಾಯಿ ದಂಡ. ದಂಡದ ಭಯಕ್ಕಿಂತ ಮಗುವಿನ ಕುತ್ತಿಗೆಯ ಚಿಂತೆ ದೊಡ್ಡದು.

ಈ ಕಾಲದ ಸುಲಭೋಪಾಯವೆಂದರೆ ಮೊಬೈಲನ್ನು ಮಗುವಿನ ಕೈಗಿತ್ತು ಬಿಡುವುದು. ಕಾರಿನೊಳಗೆ ಮೌನವೇನೋ ನೆಲೆಸುತ್ತದೆ. ಆದರೆ ಸ್ವಲ್ಪ ಹೊತ್ತಿಗೆ ಮಗುವಿನ ಮುಖ ಬಿಳಿಚಿಕೊಂಡು, “ಅವ್ವಾ, ಹೊಟ್ಟಿ ತೊಳಸ್ತದ” ಎಂಬ ದನಿ ಕೇಳಿಬರುವುದುಂಟು. ಕಾರಣ ಸರಳವಾದುದು. ದೇಹದ ಸಮತೋಲನವನ್ನು ಅರಿಯುವ ಒಳಗಿವಿಯು ‘ಚಲಿಸುತ್ತಿದ್ದೇವೆ’ ಎನ್ನುತ್ತದೆ. ನಿಶ್ಚಲವಾದ ಪರದೆಯಲ್ಲಿ ನೆಟ್ಟ ಕಣ್ಣು ‘ಕುಳಿತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷ್ಯಗಳ ನಡುವೆ ಸಿಕ್ಕಿ ಮೆದುಳು ಗೊಂದಲಗೊಳ್ಳುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಈ ತೊಂದರೆ ಹೆಚ್ಚು. ದೂರದ ದಿಗಂತವನ್ನು ನೋಡುತ್ತಿದ್ದರೆ ಅದು ಇಳಿಯುತ್ತದೆ. ಎಂದಮೇಲೆ ಹೊರಗೆ ನೋಡುವಂತೆ ಮಾಡುವ ಆಟವೇ ಮದ್ದೂ ಹೌದು.

ಅಂಥ ಆಟಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಬರೆಯಲು ಕಲಿತ ಮಕ್ಕಳಿಗೆ ಕಾಗುಣಿತದ ಬೇಟೆಯಿದೆ. ಒಂದು ವ್ಯಂಜನವನ್ನು ಆರಿಸಿಕೊಂಡು ಅದರ ಗುಣಿತಾಕ್ಷರಗಳನ್ನು ದಾರಿಯ ಫಲಕಗಳಲ್ಲಿ ಹುಡುಕಬೇಕು. ‘ಸ’ ಆರಿಸಿದವನಿಗೆ ಸೇಡಮಿನಲ್ಲಿ ‘ಸೇ’, ಸಿಮೆಂಟಿನಲ್ಲಿ ‘ಸಿ’ ದೊರೆತರೆ, ‘ಚ’ ಆರಿಸಿದವಳಿಗೆ ಚಿತ್ತಾಪುರ, ಚಿಂಚೋಳಿಗಳೆರಡೂ ಮೊದಲಿಗೆ ‘ಚಿ’ಯನ್ನೇ ಕೊಟ್ಟು ಗೋಳಾಡಿಸುತ್ತವೆ.

ತುಸು ದೊಡ್ಡವರಿಗೆ ವಾಹನಗಳ ಸಂಖ್ಯಾಫಲಕದ ಆಟ. ಕೆಎ 32 ಕಲಬುರಗಿಯದು, 33 ಯಾದಗಿರಿಯದು, 38 ಬೀದರದು, 36 ರಾಯಚೂರಿನದು. ಗಡಿನಾಡಾದುದರಿಂದ ಮಹಾರಾಷ್ಟ್ರದ ಎಂಎಚ್ ಲಾರಿಗಳೂ ತೆಲಂಗಾಣದ ವಾಹನಗಳೂ ಯಥೇಚ್ಛ. ಅದರಲ್ಲಿಯೂ ಒಂದು ಸ್ವಾರಸ್ಯವಿದೆ: ಹಳೆಯ ಲಾರಿಯ ಮೇಲೆ ಎಪಿ, 2014ರ ನಂತರದ್ದರ ಮೇಲೆ ಟಿಎಸ್, 2024ರಿಂದೀಚಿನದರ ಮೇಲೆ ಟಿಜಿ. ಏಕೆಂದು ಮಗು ಕೇಳಿದರೆ ಒಂದು ರಾಜ್ಯ ಹುಟ್ಟಿದ ಕಥೆಯನ್ನೇ ಹೇಳಬಹುದು.

ವಾಡಿಯಲ್ಲಿ ರೈಲುಗಾಡಿಯ ಡಬ್ಬಿಗಳನ್ನೆಣಿಸುವ ಪಂದ್ಯವಿಡಬಹುದು. ಮುಂಬಯಿ–ಚೆನ್ನೈ ಮಾರ್ಗದಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವುದು ಇಲ್ಲಿಯೇ. ನಿಜಾಮರ ರಾಜ್ಯದ ಆ ಮಾರ್ಗ ತೆರೆದುದು 1874ರಲ್ಲಿ. ಚಿತ್ತಾಪುರ, ಸೇಡಂಗಳಿಗೆ ರೈಲು ಬಂದುದು ಆ ಹಳಿಯ ಮೇಲೆಯೇ.

ಒಗಟುಗಳನ್ನು ಪುಸ್ತಕದಿಂದಲೇ ತರಬೇಕೆಂದೇನೂ ಇಲ್ಲ. ಕಿಟಕಿಯಾಚೆ ಕಂಡುದರಿಂದಲೇ ಕಟ್ಟಬಹುದು. “ಹೊಲದ ಕೆಳಗೆ ಹುಟ್ಟಿದ, ಮನೆಯೊಳಗೆ ಬಂದು ಅಂಗಾತ ಮಲಗಿದ, ಎಲ್ಲರೂ ತುಳಿದರೂ ಎದ್ದೇಳಲಿಲ್ಲ, ಯಾರವ?” ಎಂದು ಆಯಿ ಕೇಳಿದರೆ, ಶಹಾಬಾದಿನ ಗಣಿಗಳನ್ನು ಕಂಡ ಮೊಮ್ಮಗಳು “ಫರಸಿ ಕಲ್ಲು!” ಎಂದು ಕೂಗಿಯಾಳು. ಅದೇ ಸುಣ್ಣದ ಕಲ್ಲು ಸೀಳಿದರೆ ಹಾಸುಗಲ್ಲು. ಪುಡಿಗೈದು, ಮಣ್ಣು ಬೆರೆಸಿ, ಉರುಳುವ ಕುಲುಮೆಯಲ್ಲಿ 1,450 ಡಿಗ್ರಿಯಷ್ಟು ಶಾಖದಲ್ಲಿ ಸುಟ್ಟು, ಜಿಪ್ಸಂ ಕೂಡಿಸಿ ಅರೆದರೆ ಸಿಮೆಂಟು. ತನ್ನ ಮನೆಯ ನೆಲ, ಗೋಡೆಗಳೆರಡೂ ಈ ದಾರಿಯ ಬದಿಯ ಒಂದೇ ಕಲ್ಲಿನಿಂದ ಬಂದಿರಬಹುದೆಂದು ತಿಳಿದ ಮಗುವಿಗೆ ಗಣಿಯ ಗುಂಡಿ ಬೇಸರದ ನೋಟವಾಗಿ ಉಳಿಯುವುದಿಲ್ಲ.

ಆಟಗಳು ದಣಿಸಿದಾಗ ಕಥೆಯ ಸರದಿ. ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಉಪಲಬ್ಧವಿರುವ ಕನ್ನಡ ಕೃತಿಗಳಲ್ಲಿ ಅತ್ಯಂತ ಹಳೆಯದಾದ ‘ಕವಿರಾಜಮಾರ್ಗ’ವು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ ಒಂದು ಘಟಿಕಾಸ್ಥಾನವಿದ್ದಿತು. 1058ರ ಅಲ್ಲಿಯ ಶಾಸನವು ವೇದ ಕಲಿಯುವ ಇನ್ನೂರು ವಿದ್ಯಾರ್ಥಿಗಳನ್ನೂ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. “ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಎಷ್ಟು ಮಂದಿ?” ಎಂದು ಕೇಳಿ ನೋಡಬೇಕು. ಭೀಮಾತೀರದ ಸನ್ನತಿಯದಂತೂ ಮಕ್ಕಳಿಗೆಂದೇ ಹೆಣೆದಂತಿರುವ ಕಥೆ. 1986ರಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದು ವಿಗ್ರಹ ಭಿನ್ನವಾಯಿತು. ಅದರಡಿಯ ಪೀಠದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಸನಿಹದ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರನ್ನೂ ಕೆತ್ತಿದ ಅಶೋಕನ ಶಿಲ್ಪವೇ ದೊರೆಯಿತು.

ಎಷ್ಟು ಆಟ, ಎಷ್ಟು ಕಥೆಗಳಿದ್ದರೂ ಮಗುವಿನ ಕಾಲುಗಳಿಗೆ ಅವು ಸಾಲವು. ಎರಡು ಗಂಟೆಗೊಮ್ಮೆ ನೆರಳಿರುವೆಡೆ ಕಾರು ನಿಲ್ಲಿಸಿ ಓಡಾಡಲು ಬಿಡಬೇಕು. ಚಿಂಚೋಳಿಯತ್ತ ಹೋಗುವವರಿಗೆ ಚಂದ್ರಂಪಳ್ಳಿಯ ಜಲಾಶಯವೂ ಕಾಡೂ ಇವೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಹಸುರು, ಬಯಲುಸೀಮೆಯ ಮಕ್ಕಳಿಗೆ ಸೋಜಿಗ. ಬುತ್ತಿಯೂ ಹಗುರವಾಗಿರಲಿ, ಕರಿದ ತಿಂಡಿ ಊರು ಮುಟ್ಟಿದ ಮೇಲಾಗಲಿ. ಇನ್ನೊಂದು ಮಾತನ್ನು ಮರೆಯಲಾಗದು. ಬೇಸಿಗೆಯಲ್ಲಿ ಈ ಸೀಮೆಯ ಬಿಸಿಲು ನಲವತ್ತು ಡಿಗ್ರಿ ಮೀರುತ್ತದೆ. ಮುಚ್ಚಿದ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ಚಹಾ ಕುಡಿಯಲು ಇಳಿದವರು ಮಲಗಿದ ಮಗುವನ್ನು ಒಳಗೆ ಬಿಟ್ಟು ಹೋಗಲೇಬಾರದು.

ಇನ್ನು ಕೊನೆಯ ಗಂಟೆಯಲ್ಲಿ ಮಕ್ಕಳು ಸುಮ್ಮನೆ ಹೊರಗೆ ನೋಡುತ್ತ ಕುಳಿತರೆ, ಅವರಿಗೆ ಬೇಸರವಾಯಿತೆಂದು ತಾಯಿಯು ಗಾಬರಿಗೊಂಡು ಹೊಸ ಆಟ ಹೂಡಬೇಕಾಗಿಲ್ಲ. ತೊಗರಿಯ ಹೊಲಗಳ ಮೇಲೆ ಸಂಜೆ ಇಳಿಯುವುದನ್ನು ನೋಡುವುದೂ ಮಕ್ಕಳು ಕಲಿಯಬೇಕಾದ ವಿದ್ಯೆಯೇ. ಅದನ್ನು ಅವರ ಪಾಲಿಗೇ ಬಿಡುವುದು ಲೇಸು.