ಒಂದೇ ತಾಯಿಮರದ ಸಸಿ ಆದ್ರೂ 30 ಅಡಿ ಅಂತರ ಬೇಕು

ನಮ್ಮ ಸೆಕೆಂಡ್ ಇಯರ್ ಕ್ಲಾಸಲ್ಲಿ ಒಂದಿನ ಸುಮ್ನೆ ಲೆಕ್ಕ ಹಾಕಿದ್ವಿ. ಯಾರ ಮನೇಲಿ ಅಣ್ಣನೋ ಅಕ್ಕನೋ ಆಗಲೇ ಇಂಜಿನಿಯರಿಂಗ್ ಓದಿದ್ದಾರೆ? ಅರ್ಧಕ್ಕಿಂತ ಜಾಸ್ತಿ ಕೈ ಮೇಲೆದ್ವು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರದ್ದಂತೂ ಒಂದೇ ಕಥೆ: ಒಂದು ವರ್ಷ ಅಟ್ಟದ ಕೊಬ್ಬರಿ ಮಾರಿ ಅಣ್ಣನ ಫೀಸು, ಇನ್ನೊಂದು ವರ್ಷದ್ದು ನಮ್ಮ ಫೀಸು. ಈಗ ಕೆಲವರ ತಮ್ಮಂದಿರು ಪಿಯುಸಿಲಿದ್ದಾರೆ, ಅವರಿಗೂ ಸಿಇಟಿ ಕೋಚಿಂಗ್ ಶುರುವಾಗಿದೆ. ನೆಂಟರು ಬಂದ್ರೆ "ನಿಮ್ಮ ಮನೆತನದ ರಕ್ತದಲ್ಲೇ ಇದೆ ಬಿಡಿ" ಅಂತಾರೆ.

ರಕ್ತದಲ್ಲಿ ಇರುತ್ತಾ? ಕೊಡಗಿನ ಕಡೆ ಒಮ್ಮೆ ನೋಡೋಣ.

ಅಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ನಡೆಯುತ್ತೆ. ಒಂದು ಮನೆತನ ಅಂದ್ರೆ ಒಂದು ತಂಡ. ಅಣ್ಣ, ತಮ್ಮ, ಚಿಕ್ಕಪ್ಪ, ಅವರ ಮಕ್ಕಳು, ಮನೆಯ ಹೆಣ್ಣುಮಕ್ಕಳು, ಎಲ್ಲರೂ ಒಂದೇ ಮನೆತನದ ಹೆಸರಲ್ಲಿ ಆಡ್ತಾರೆ. ಇದನ್ನ 1997ರಲ್ಲಿ ಕರಡ ಗ್ರಾಮದಲ್ಲಿ ಶುರು ಮಾಡಿದವರು ಪಾಂಡಂಡ ಕುಟ್ಟಪ್ಪ. ಚದುರಿಹೋಗಿದ್ದ ಕುಟುಂಬಗಳು ವರ್ಷಕ್ಕೊಮ್ಮೆಯಾದ್ರೂ ಒಟ್ಟಿಗೆ ಸೇರಲಿ ಅನ್ನೋದು ಅವರ ಆಸೆ. ಪ್ರತಿ ಸಲ ಒಂದು ಕುಟುಂಬ ಹಬ್ಬದ ಹೊಣೆ ಹೊರುತ್ತೆ, ಕಪ್ಪಿಗೂ ಅವರದ್ದೇ ಹೆಸರು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬಕ್ಕೆ 360 ತಂಡ ಬಂದು ಗಿನ್ನೆಸ್ ದಾಖಲೆ ಆಯ್ತು.

ಇದೇ ನಾಡಿಂದ ಬಂದ ಎಂ.ಪಿ. ಗಣೇಶ್ 1973ರ ವಿಶ್ವಕಪ್‌ನಲ್ಲಿ ಭಾರತದ ಕ್ಯಾಪ್ಟನ್ ಆಗಿದ್ರು. ಎಂ.ಎಂ. ಸೋಮಯ್ಯ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ರು. ಇದೂ ರಕ್ತ ಅಲ್ವಾ ಅಂತ ನೀವು ಕೇಳಬಹುದು. ನಮಗೆ ಹಾಗನ್ನಿಸಲ್ಲ. ಅಲ್ಲಿ ಮೈದಾನ ಇದೆ, ಸ್ಟಿಕ್ ಹಿಡಿಯೋದು ಕಲಿಸೋಕೆ ಮನೇಲೇ ದೊಡ್ಡವರಿದ್ದಾರೆ, ನೋಡೋಕೆ ಇಡೀ ಊರು ಬರುತ್ತೆ. ಇನ್ನೊಂದು ವಿಷಯ: 360 ತಂಡದಲ್ಲಿ ಆಡಿದ ಎಲ್ಲರೂ ಹಾಕಿಯನ್ನೇ ಹೊಟ್ಟೆಪಾಡು ಮಾಡಿಕೊಳ್ಳಬೇಕು ಅಂತೇನಿಲ್ಲ. ಆಡಿ ಮುಗಿಸಿ ತೋಟಕ್ಕೆ, ಬ್ಯಾಂಕಿಗೆ, ಸೈನ್ಯಕ್ಕೆ ವಾಪಸ್ ಹೋಗ್ತಾರೆ. ಮನೆತನದ ಮಾನ ಒಬ್ಬ ಹುಡುಗನ ರ‍್ಯಾಂಕ್ ಮೇಲೆ ನಿಂತಿರಲ್ಲ.

ಆಟವೇ ಸಂಬಳ ಆದ ಮನೆ ಬೇಕಂದ್ರೆ ಅಮೆರಿಕಕ್ಕೆ ಹೋಗಬೇಕು. ವಿಸ್ಕಾನ್ಸಿನ್ ರಾಜ್ಯದ ವಾಟ್ ಕುಟುಂಬ, ಅಪ್ಪ ಅಗ್ನಿಶಾಮಕ ದಳದವರು. ಮೂವರು ಗಂಡುಮಕ್ಕಳೂ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್‌ಗೆ ಹೋದ್ರು: 2011ರಲ್ಲಿ ಜೆ.ಜೆ., 2016ರಲ್ಲಿ ಡೆರೆಕ್, 2017ರಲ್ಲಿ ಟಿ.ಜೆ. 2020ರ ಸೆಪ್ಟೆಂಬರ್ 27ರಂದು ಒಂದೇ ಮ್ಯಾಚಲ್ಲಿ ಮೂವರೂ ಆಡಿದ್ರು, ಅಣ್ಣ ಒಂದು ಕಡೆ, ತಮ್ಮಂದಿರಿಬ್ಬರು ಎದುರು ಕಡೆ.

ನಮಗೆ ಇಷ್ಟವಾಗಿದ್ದು ಅದಕ್ಕೆ ಮುಂಚಿನ ಕಥೆ. ಜೆ.ಜೆ. ಮೊದಲು ಸೇರಿದ್ದ ಕಾಲೇಜಲ್ಲಿ ಅವನಿಗೆ ಸ್ಕಾಲರ್‌ಶಿಪ್ ಇತ್ತು. ಅದನ್ನ ಬಿಟ್ಟು ಬಂದ, ಮಧ್ಯೆ ಮನೆಮನೆಗೆ ಪಿಜ್ಜಾ ತಲುಪಿಸ್ತಿದ್ದ, ಆಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡಕ್ಕೆ ಸ್ಕಾಲರ್‌ಶಿಪ್ ಇಲ್ಲದೆ ಸೇರಿದ. ಚೆಂಡು ಹಿಡಿಯೋ ಜಾಗ ಬಿಟ್ಟು ಎದುರಾಳಿಯನ್ನ ಕೆಡವೋ ಜಾಗಕ್ಕೆ ಬಂದ ಮೇಲೇ ಅವನು ದೊಡ್ಡ ಆಟಗಾರ ಆಗಿದ್ದು. ಟಿ.ಜೆ. ಕೂಡ ಕಾಲೇಜಲ್ಲಿ ಹಾಗೇ ಜಾಗ ಬದಲಿಸಿದ. ನಡುವಿನ ಡೆರೆಕ್‌ನ ಕೆಲಸವೇ ಬೇರೆ: ಚೆಂಡು ಹಿಡಿದು ಓಡೋನಿಗೆ ದಾರಿ ಬಿಡಿಸೋದು. ಒಂದೇ ಮನೆ, ಒಂದೇ ಆಟ. ಆದ್ರೂ ಅವರವರ ಜಾಗ ಹುಡುಕಿಕೊಳ್ಳೋಕೆ ಟೈಮ್ ಬೇಕಾಯ್ತು, ತಪ್ಪಿದಾಗ ಬದಲಿಸೋ ಧೈರ್ಯ ಬೇಕಾಯ್ತು.

ನಮ್ಮ ಮನೆಗಳಲ್ಲಿ ಆ ಟೈಮ್ ಸಿಗ್ತಿಲ್ಲ. ತಪ್ಪು ಬರೀ ಅಪ್ಪ ಅಮ್ಮಂದಲ್ಲ, ನಮ್ಮದೂ ಇದೆ. ಬ್ಯಾಕ್‌ಲಾಗ್ ಇದ್ರೂ ಊರಿಗೆ ಹೋದಾಗ "ಎಲ್ಲಾ ಸೂಪರ್" ಅಂತೀವಿ. ಬ್ರಾಂಚ್ ಇಷ್ಟ ಇಲ್ಲ ಅನ್ನೋದನ್ನ ಹಾಸ್ಟೆಲ್ ರೂಮಲ್ಲೇ ಬಿಟ್ಟು ಹೋಗ್ತೀವಿ. ತಮ್ಮ ಅದನ್ನೇ ನಂಬಿ ನಮ್ಮ ಹಿಂದೆ ಬರ್ತಾನೆ.

ತೆಂಗಿನ ವಿಷಯದಲ್ಲಿ ನಮ್ಮ ಅಪ್ಪಂದಿರು ಇಂಥ ತಪ್ಪು ಮಾಡಲ್ಲ. ಒಳ್ಳೆ ತಾಯಿಮರ ನೋಡಿ ಬೀಜದ ಕಾಯಿ ಆರಿಸ್ತಾರೆ ನಿಜ. ಆದ್ರೆ ಸಸಿ ನೆಡುವಾಗ ಮರದಿಂದ ಮರಕ್ಕೆ ಸುಮಾರು 30 ಅಡಿ ಬಿಡ್ತಾರೆ. ಹತ್ತಿರ ನೆಟ್ರೆ ದೊಡ್ಡ ಮರದ ನೆರಳಲ್ಲಿ ಸಣ್ಣದು ಬಿಸಿಲಿಗೆ ಅಂತ ಸೊಟ್ಟಗೆ ಬೆಳೆಯುತ್ತೆ, ಕಾಯಿ ಕಟ್ಟಲ್ಲ.

ಇಂಜಿನಿಯರಿಂಗ್ ಬೇಡ ಅಂತ ನಾವು ಹೇಳ್ತಿಲ್ಲ. ಇಷ್ಟಪಟ್ಟು ಬರೋ ತಮ್ಮ ತಂಗಿಯರಿಗೆ ನಮ್ಮ ನೋಟ್ಸ್, ಡ್ರಾಫ್ಟರ್ ಎಲ್ಲಾ ಕೊಡೋಣ. ಅದಕ್ಕೂ ಮುಂಚೆ, ಈ ಸಲ ಊರಿಗೆ ಹೋದಾಗ ನಮ್ಮ ಮಾರ್ಕ್ಸ್ ಕಾರ್ಡ್ ಇದ್ದಿದ್ದು ಇದ್ದ ಹಾಗೆ ಅವರ ಕೈಗೆ ಕೊಟ್ಟು, "ನಿಂಗೇನು ಇಷ್ಟ?" ಅಂತ ಒಂದು ಸಲ ಕೇಳೋಣ. ಅಪ್ಪನೂ ಅಲ್ಲೇ ಕೂತಿದ್ರೆ ಇನ್ನೂ ಒಳ್ಳೇದು.