ಸ್ಪಂಜು ಆಮೇಲೆ, ತಂತಿ ಮೊದಲು!



ಕಳೆದ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು. ನಮ್ಮ ಬೀದಿಯ ಹುಡುಗನೊಬ್ಬ ಬಂದು ಎದುರಿಗೆ ನಿಂತ. ಮಿಮಿಕ್ರಿಯಲ್ಲಿ ಗಟ್ಟಿಗ, ಕಿರುಚಿತ್ರಗಳಿಗೆ ಕಂಠದಾನ ಮಾಡ್ತಾನೆ. "ಸಾರ್, ಬೈಕ್ ಮಾರಿಬಿಟ್ಟೆ" ಅಂದ. ಮುಖದಲ್ಲಿ ನೂರು ದಿನ ಓಡಿದ ಚಿತ್ರದ ಹೀರೋ ಕಳೆ! ಮಹಡಿ ಮೇಲಿನ 10 ಅಡಿಗೆ 12 ಅಡಿ ಕೋಣೆಯನ್ನು ಡಬ್ಬಿಂಗ್ ರೂಮು ಮಾಡ್ತಾನಂತೆ. ಮೊದಲ ಖರ್ಚು ಯಾವುದಯ್ಯಾ ಅಂದೆ. "ಗೋಡೆ ತುಂಬಾ ಸ್ಪಂಜು, ಸಾರ್!"

ಕಾಫಿ ಗಂಟಲಲ್ಲೇ ನಿಂತಿತು. ಯಾಕೆಂದರೆ ಈ ಚಿತ್ರವನ್ನು ನಾನು ಮೊದಲೇ ನೋಡಿದ್ದೇನೆ. ಅದರಲ್ಲಿ ಹೀರೋ ನಾನೇ, ಮುಳುಗಿದ ನಿರ್ಮಾಪಕನೂ ನಾನೇ!

ಒಂದು ಕಾಲದಲ್ಲಿ ಕನ್ನಡ ಚಿತ್ರದ ಧ್ವನಿಮುದ್ರಣ ಎಂದರೆ ಮದರಾಸಿನ ರೈಲು ಹತ್ತಬೇಕಿತ್ತು. ಆಮೇಲೆ ಶಂಕರ್‌ನಾಗ್ ಬೆಂಗಳೂರಲ್ಲೇ ಸಂಕೇತ್ ಸ್ಟುಡಿಯೋ ಕಟ್ಟಿದರು. ಈಗಂತೂ ಒಂದು ಲ್ಯಾಪ್‌ಟಾಪು, ಒಂದು ಒಳ್ಳೇ ಮೈಕು ಇದ್ದರೆ ಮನೆಯೇ ಸ್ಟುಡಿಯೋ. ಆ ಆಸೆಗೆ ಬಿದ್ದೇ ನಾನೂ ಮನೆಯವಳ ಎರಡು ಬಳೆ ಅಡವಿಟ್ಟು ಕೋಣೆ ಸಿದ್ಧ ಮಾಡಿದೆ. ಮೊದಲು ಗೋಡೆಗೆ ಸ್ಪಂಜು, ಗ್ಲಾಸ್‌ವುಲ್, ಮೇಲೆ ಮೆರೂನ್ ಬಟ್ಟೆ. ಆಹಾ, ಅರಮನೆ ಸೆಟ್ಟು! ಆಮೇಲೆ ಎಲೆಕ್ಟ್ರಿಷಿಯನ್ ಬಂದ. "ಪಾಯಿಂಟ್ ಎಲ್ಲಿ ಕೊಡ್ಲಿ ಸಾರ್?" ಅಂತ ಬಟ್ಟೆ ಹರಿದ. ಎ.ಸಿ.ಯವನು ಬಂದು ಮೂರಿಂಚು ತೂತು ಕೊರೆದ. ದೀಪಕ್ಕೆಂದು ತಾರಸಿ ಕೆಳಗಿನ ಸೀಲಿಂಗಿನಲ್ಲಿ ಎಂಟು ತೂತು. ಅರಮನೆ ಹೋಗಿ ಜರಡಿಯಾಯಿತು!

ಮೊದಲ ದಿನ ಒಬ್ಬ ಹೆಣ್ಣುಮಗಳು ಅಳುವ ದೃಶ್ಯಕ್ಕೆ ದನಿ ಕೊಡಲು ಬಂದಳು. ನಿಜಕ್ಕೂ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡಿದಳು. ಹೆಡ್‌ಫೋನಿನಲ್ಲಿ ಕೇಳಿದರೆ ಹಿಂದೆ 'ಗುಂಯ್' ಅನ್ನೋ ನಾದ, ಅದರ ಮೇಲೆ ಪಕ್ಕದ ಮನೆ ಮಿಕ್ಸಿಯ ತಾಳ! ಹನ್ನೊಂದು ಟೇಕ್ ಆಯಿತು. ಹನ್ನೆರಡನೇದಕ್ಕೆ ಅವಳಲ್ಲಿ ಕಣ್ಣೀರೇ ಉಳಿದಿರಲಿಲ್ಲ. ಕೆಲಸ ಬೇರೆ ಕಡೆ ಹೋಯಿತು. ಬಳೆ ಬಿಡಿಸಲು ನನಗೆ ಎರಡು ವರ್ಷ ಹಿಡಿಯಿತು.

ಹುಡುಗನನ್ನು ಕೂರಿಸಿ ಹೇಳಿದೆ: ನೋಡಪ್ಪಾ, ಸ್ಪಂಜು ಮಾಡೋದು ಒಂದೇ ಕೆಲಸ. ಒಳಗಿನ ಪ್ರತಿಧ್ವನಿಯನ್ನು ಹೀರುತ್ತೆ, ಅಷ್ಟೇ. ಹೊರಗಿನ ಆಟೋ ಸದ್ದನ್ನು ತಡೆಯೋದು ಭಾರವಾದ ಗೋಡೆ, ಬಿರುಕಿಲ್ಲದ ಬಾಗಿಲು. ಗೋಡೆಯ ನೂರರಲ್ಲಿ ಒಂದು ಪಾಲು ತೂತಿದ್ದರೆ ಸಾಕು, ಎಂಥಾ ಗೋಡೆಯೂ 20 ಡೆಸಿಬಲ್ಲಿಗಿಂತ ಹೆಚ್ಚು ತಡೆಯಲಾರದು. ಅದಕ್ಕೇ ಯಾವ ತೂತು ಎಲ್ಲಿ ಅನ್ನೋದು ಮೊದಲೇ ಗೊತ್ತಿರಬೇಕು. ಒಂದು ಚಾಕ್‌ಪೀಸ್ ತಗೋ. ಮೈಕು ಎಲ್ಲಿ, ಸ್ಪೀಕರ್ ಎಲ್ಲಿ, ಹೀರುವ ಹಲಗೆ ಎಲ್ಲಿ ಎಂದು ಗೋಡೆ ಮೇಲೆ ಬರೆ. ಉಳಿದ ಜಾಗದಲ್ಲಿ ಸ್ವಿಚ್ ಬೋರ್ಡು.

ಇನ್ನು ತಂತಿ. ನಮ್ಮ ಕರೆಂಟು 230 ವೋಲ್ಟ್, 50 ಹರ್ಟ್ಸ್. ಆ 'ಗುಂಯ್' ಹುಟ್ಟೋದು ಅಲ್ಲೇ. ಎ.ಸಿ.ಗೆ ಬೇರೆ ಲೈನು, ಧ್ವನಿ ಸಲಕರಣೆಗೆ ಬೇರೆ ಲೈನು, ಎರಡಕ್ಕೂ ಬೇರೆ ಎಂ.ಸಿ.ಬಿ. ಸಲಕರಣೆಗಳೆಲ್ಲ ಒಂದೇ ಕಡೆಯ ಅರ್ಥಿಂಗ್ ಹಿಡಿಯಬೇಕು. ಮೈಕಿನ ಕೇಬಲ್ಲು ಕರೆಂಟ್ ತಂತಿಯ ಪಕ್ಕದಲ್ಲೇ ಓಡಬಾರದು. ದಾಟಲೇಬೇಕಿದ್ದರೆ ಅಡ್ಡಡ್ಡ ದಾಟಲಿ. ಸದ್ದು ಹೋಗಲಿ ಎಂದು ಅರ್ಥ್ ಪಿನ್ನು ಕೀಳುವ ಮಹಾನುಭಾವರಿದ್ದಾರೆ. ಸದ್ದಿನ ಜತೆ ಪ್ರಾಣವೂ ಹೋದೀತು, ಜೋಕೆ! ಕರೆಂಟ್ ಹೋದಾಗ ಬೇಕು ಅಂತ ಇನ್ವರ್ಟರ್ ಇಡ್ತೀಯಾ? ಸೈನ್ ವೇವ್ ಇರೋದೇ ಇಡು. ಅಗ್ಗದ್ದು ತಂದರೆ ಅದೂ ಹಾಡುತ್ತೆ.

ದೀಪವನ್ನು ಸೀಲಿಂಗಿನಲ್ಲಿ ಹೂಳಬೇಡ, ಮೇಲೆ ಅಂಟಿಸು, ತೂತು ಉಳಿಯುತ್ತೆ. ಹೂತ ಎಲ್.ಇ.ಡಿ. ಮೇಲೆ ಗ್ಲಾಸ್‌ವುಲ್ ಮುಚ್ಚಿದರೆ ಶಾಖಕ್ಕೆ ಬೇಗ ಸಾಯುತ್ತೆ ಕೂಡ. ಬೆಳಕು ಹೆಚ್ಚು ಕಡಿಮೆ ಮಾಡುವ ಅಗ್ಗದ ಡಿಮ್ಮರ್ ಕಟ್ಟಾ ಖಳನಾಯಕ! ಮೈಕಿಗೆ ಗುರ್ ಅಂತ ಬಡಿಯುತ್ತೆ.

"ತಂಪಿಗೆ ಸಾರ್?" ಅಂದ. ಸುಮ್ಮನೆ ಕೂತ ಮನುಷ್ಯನೊಬ್ಬ ಹೆಚ್ಚು ಕಡಿಮೆ 100 ವಾಟ್ ಬಲ್ಬಿನಷ್ಟು ಶಾಖ ಬಿಡ್ತಾನೆ. ಮೂರು ಜನ ಸೇರಿದರೆ ಮುಚ್ಚಿದ ಕೋಣೆ ಒಲೆಯೇ ಸರಿ. ಸ್ಪ್ಲಿಟ್ ಎ.ಸಿ. ಹಾಕು, ಹೊರಗಿನ ಪೆಟ್ಟಿಗೆ ರಬ್ಬರ್ ಮೇಲೆ ಕೂರಲಿ, ಒಳಗಿನದು ಮೈಕಿಗೆ ಗಾಳಿ ಊದದಿರಲಿ. ಪೈಪಿನ ತೂತು ಹೊರಕ್ಕೆ ಇಳಿಜಾರಾಗಿರಲಿ, ಸುತ್ತ ಸಂದು ಬಿಡದೆ ಮುಚ್ಚು. ಆದರೆ ಸ್ಪ್ಲಿಟ್ ಎ.ಸಿ. ಸಾಮಾನ್ಯವಾಗಿ ಒಳಗಿನ ಗಾಳಿಯನ್ನೇ ತಿರುಗಿಸುತ್ತೆ, ಹೊಸ ಗಾಳಿ ತರೋದಿಲ್ಲ. ಅದಕ್ಕೆ ಎರಡು ತಿರುವಿನ ಮರದ ಪೆಟ್ಟಿಗೆ ಮಾಡಿಸಿ, ಒಳಗೆ ಗ್ಲಾಸ್‌ವುಲ್ ಹೊದಿಸು. ಬಾಯಿ ದೊಡ್ಡದಿರಲಿ. ಗಾಳಿ ನಿಧಾನ ಬಂದರೆ ಸದ್ದೂ ಇಲ್ಲ. ಮೊದಲೇ ಕೋಣೆ ತಂಪು ಮಾಡಿ, ಟೇಕ್ ಹೊತ್ತಿಗೆ ಎ.ಸಿ. ಆರಿಸು.

ಕೊನೆಯದಾಗಿ ಸ್ಪಂಜು. ಪ್ಯಾಕಿಂಗಿನ ಅಗ್ಗದ ಸ್ಪಂಜು ಬೇಡವೇ ಬೇಡ. 2003ರಲ್ಲಿ ಅಮೆರಿಕದ ರೋಡ್ ಐಲೆಂಡಿನ 'ಸ್ಟೇಷನ್' ನೈಟ್‌ಕ್ಲಬ್ಬಿನಲ್ಲಿ ಬಾಣಬಿರುಸಿನ ಕಿಡಿ ಗೋಡೆಯ ಸ್ಪಂಜಿಗೆ ತಗುಲಿತು. ನೂರು ಜನ ಸತ್ತರು. ನಿನ್ನ ಕೋಣೆಯಲ್ಲಿ ಬಾಣಬಿರುಸು ಇಲ್ಲದಿರಬಹುದು. ಸಡಿಲವಾದ ಒಂದು ತಂತಿ ಸಾಕಲ್ಲ? ಸ್ಪಂಜಿನ ಹಿಂದೆ ತಂತಿಗೆ ಜಾಯಿಂಟ್ ಹಾಕಿಸಬೇಡ. ಬೆಂಕಿ ತಡೆಯೋ ಗ್ಲಾಸ್‌ವುಲ್ಲೋ ರಾಕ್‌ವುಲ್ಲೋ ತಂದು ಬಟ್ಟೆ ಹೊದಿಸು.

ಹುಡುಗ ತಲೆ ಕೆರೆದುಕೊಂಡ. "ಬೈಕ್ ದುಡ್ಡೆಲ್ಲಾ ತಂತಿಗೇ ಹೋಗುತ್ತಲ್ಲ ಸಾರ್!"

"ಹೋಗಲಿ ಬಿಡೋ. ಸ್ಪಂಜನ್ನು ಮುಂದಿನ ತಿಂಗಳೂ ಅಂಟಿಸಬಹುದು. ಅಂಟಿಸಿದ್ದನ್ನ ಕಿತ್ತು ತಂತಿ ಎಳೆಯೋಕೆ ನಿನ್ನ ಹತ್ರ ಇನ್ನೊಂದು ಬೈಕ್ ಇದೆಯಾ?"

ಸಂಜೆ ಅವನ ಮಹಡಿ ಹತ್ತಿದೆ. ಗೋಡೆ ತುಂಬಾ ಚಾಕ್‌ಪೀಸ್ ಗೆರೆ, ಕಬಡ್ಡಿ ಅಂಕಣದ ಹಾಗೆ! ಮಧ್ಯೆ ಎಲೆಕ್ಟ್ರಿಷಿಯನ್ ಟೇಪು ಹಿಡಿದು ಅಳೀತಿದ್ದ. ಅವನಮ್ಮ ನನ್ನ ಕಡೆ ನೋಡಿ, "ಗೋಡೆಯೆಲ್ಲಾ ಗಲೀಜು ಮಾಡಿದಾನೆ ನೋಡಿ ಸ್ವಾಮಿ" ಅಂದರು. "ಮಾಡಲಿ ಬಿಡಿ ತಾಯಿ, ಅದನ್ನ ಒರೆಸೋಕೆ ಒದ್ದೆ ಬಟ್ಟೆ ಸಾಕು" ಅಂದೆ.

ನಿಮ್ಮಲ್ಲೂ ಯಾರಾದರೂ ಬೈಕ್ ಮಾರೋ ಯೋಚನೆಯಲ್ಲಿದ್ದೀರಾ? ಮೊದಲು ಚಾಕ್‌ಪೀಸ್ ಕೊಳ್ಳಿ. ಮುಂದಿನ ವಾರ ಸಿಗೋಣ!