ಮನೆ ಕಟ್ಟುವವನ ರುಜು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಎರಡೂ ಕಷ್ಟದ ಕಾರ್ಯಗಳೆಂದು ಸಾರುವ ಈ ಗಾದೆ, ಅವೆರಡರ ನಡುವಣ ಒಂದು ಭೇದವನ್ನು ಮಾತ್ರ ಹೇಳದೆ ಬಿಟ್ಟಿದೆ. ಮಗಳನ್ನು ಕೊಡುವ ಮುನ್ನ ವರನ ಮನೆತನ, ಉದ್ಯೋಗ, ನಡತೆ, ಸಾಲಸೋಲಗಳನ್ನೆಲ್ಲ ನಾವು ಮೂರೂರು ತಿರುಗಿ ವಿಚಾರಿಸುತ್ತೇವೆ. ಆದರೆ ಬಾಳಿನ ಉಳಿತಾಯವನ್ನೆಲ್ಲ ಸುರಿದು ಕಟ್ಟಿಸುವ ಮನೆಯನ್ನು, ಚಹದಂಗಡಿಯ ಮುಂದೆ ಅರ್ಧ ಗಂಟೆ ಮಾತಾಡಿ, ಅಪರಿಚಿತನೊಬ್ಬನ ಕೈಗೆ ಒಪ್ಪಿಸಿಬಿಡುತ್ತೇವೆ. ಅವನ ಊರಾವುದು, ಹಿಂದೆ ಕಟ್ಟಿದ ಮನೆ ಯಾವುದು ಎಂದು ಕೇಳುವುದಿಲ್ಲ. ಹಾಗೆ ಕೇಳದವರಲ್ಲಿ ನಾನೂ ಒಬ್ಬ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಊರುಗಳಲ್ಲಿ ಕನ್ನಡ ಅಧ್ಯಾಪಕನಾಗಿ ದುಡಿದು, ಬಾಡಿಗೆಯ ಮನೆಗಳಲ್ಲಿ ಹದಿನೈದು ವರ್ಷ ಕಳೆದ ಮೇಲೆ, ಅವುಗಳಲ್ಲೊಂದರ ಹೊರವಲಯದಲ್ಲಿ ಸ್ವಂತ ಮನೆಗೆ ಕೈಹಾಕಿದೆ. ಊರಿನ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಆ ಮನುಷ್ಯನ ಗುರುತು ಸಿಕ್ಕೀತು. ಅವನನ್ನು ದೂರುವುದು ನನ್ನ ಉದ್ದೇಶವಲ್ಲ. ನನ್ನ ನಿವೇಶನದ್ದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣಿನಲ್ಲಿ ಗಟ್ಟಿನೆಲ ಸಿಗುವವರೆಗೆ ಪಾಯ ಅಗೆಯಬೇಕೆಂಬುದು ಅದನ್ನು ಉಳುವ ರೈತನಿಗೂ ಗೊತ್ತು. ನಾನು ಗೊತ್ತುಮಾಡಿದ ಗುತ್ತಿಗೆದಾರನು ಕೆಂಪುನೆಲದಲ್ಲಿಯೇ ಕೆಲಸ ಮಾಡಿದವನು. ಎರೆಯಲ್ಲಿ ಅವನು ಕಟ್ಟಿದ ಮೊದಲ ಮನೆ ನನ್ನದು. ಈ ಸಂಗತಿ ನನಗೆ ತಿಳಿದದ್ದು ಗೋಡೆ ಬಿರಿದ ಮೇಲೆ! ಕರಾರನ್ನು ಬರೆದುಕೊಳ್ಳೋಣವೇ ಎಂದು ಮೊದಲಲ್ಲಿ ಕೇಳಿದ್ದೆನು. “ಯಾಕ್ರೀ ಸರ, ನನ್ನ ಮ್ಯಾಲ ನಂಬಿಗಿ ಇಲ್ಲೇನ್ರಿ?” ಎಂದ. ನಾಚಿಕೊಂಡು ಸುಮ್ಮನಾದೆ. ಸ್ಲ್ಯಾಬು ಹಾಕಿದ ಕೆಲವು ದಿನಗಳಲ್ಲಿ ಅವನು ಬೇರೆ ಕೆಲಸಕ್ಕೆ ಹೋದವನು ಮರಳಿ ಬರಲಿಲ್ಲ. ಒಪ್ಪಿದ ಹಣದಲ್ಲಿ ಮುಕ್ಕಾಲು ಪಾಲು ಅವನಿಗೆ ಸಂದಿತ್ತು. ಕೆಲಸ ಅರ್ಧದಷ್ಟೂ ಆಗಿರಲಿಲ್ಲ.

ಆಮೇಲೆ ಕಾನೂನಿನ ಪುಸ್ತಕ ತೆರೆದೆ. ಸರಕಾರದ ಕಾಮಗಾರಿ ಹಿಡಿಯಬೇಕಾದರೆ ಗುತ್ತಿಗೆದಾರನು ಲೋಕೋಪಯೋಗಿ ಇಲಾಖೆಯ ದರ್ಜೆಗಳಲ್ಲೊಂದರಲ್ಲಿ ತನ್ನ ಹೆಸರು ನೋಂದಾಯಿಸಿರಬೇಕು. ಮನೆಗೆ ವಿದ್ಯುತ್ತಿನ ತಂತಿ ಎಳೆಯುವ ಗುತ್ತಿಗೆದಾರನಿಗೂ ಲೈಸೆನ್ಸು ಬೇಕು. ೨೦೧೬ರ ರೇರಾ ಕಾಯಿದೆಯು, ೫೦೦ ಚದರ ಮೀಟರಿಗೆ ಮೀರಿದ ಭೂಮಿಯಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟಿ ಮಾರುವವರನ್ನು ನೋಂದಣಿಗೆ ಒಳಪಡಿಸಿದೆ. ಮನೆ ಒಪ್ಪಿಸಿದ ಐದು ವರ್ಷಗಳೊಳಗೆ ಕಟ್ಟಡದ ದೋಷ ಕಂಡರೆ ಅವರೇ ಸರಿಪಡಿಸಿಕೊಡಬೇಕೆಂದೂ ವಿಧಿಸಿದೆ. ಆದರೆ ತನ್ನ ಸಣ್ಣ ನಿವೇಶನದಲ್ಲಿ ತನಗಾಗಿಯೇ ಮನೆ ಕಟ್ಟಿಸುವ ಗೃಹಸ್ಥನಿಗೆ ಆ ಕಾಯಿದೆಯ ನೆರಳಿಲ್ಲ. ಅವನ ಮನೆ ಕಟ್ಟುವ ಮೇಸ್ತ್ರಿಗೆ ಯಾವ ಪರವಾನಗಿಯೂ ಬೇಕಿಲ್ಲ. ದೀಪಕ್ಕೆ ಎಳೆಯುವ ತಂತಿಗೆ ಪರವಾನಗಿ ಬೇಕು, ತಲೆಯ ಮೇಲಿನ ಛಾವಣಿಗೆ ಬೇಡ!

ನೊಂದವನಿಗೆ ದಾರಿಯೇ ಇಲ್ಲವೆಂದಲ್ಲ. ೧೯೯೩ರ ತಿದ್ದುಪಡಿಯಿಂದ ಮನೆ ನಿರ್ಮಾಣವೂ ಗ್ರಾಹಕ ಕಾಯಿದೆಯ ‘ಸೇವೆ’ಗಳಲ್ಲಿ ಸೇರಿತು, ೨೦೧೯ರ ಹೊಸ ಕಾಯಿದೆಯಲ್ಲಿಯೂ ಅದು ಉಳಿದಿದೆ. ಎರಡು ವರ್ಷಗಳೊಳಗೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಆದರೆ ಅಲ್ಲಿ ತೋರಿಸುವುದೇನನ್ನು? ಬಾಯಿಮಾತಿನ ಕರಾರೂ ಕರಾರೇ ಎಂದು ೧೮೭೨ರ ಕರಾರು ಕಾಯಿದೆ ಒಪ್ಪುತ್ತದೆ, ನಿಜ. ಚಹದಂಗಡಿಯ ಮಾತಿಗೆ ಸಾಕ್ಷಿ ಹೇಳುವವರಾರು? ನಾನು ದೂರು ಕೊಡಲಿಲ್ಲ. ಕೊಡಲು ನನ್ನಲ್ಲಿ ಒಂದು ಚೀಟಿಯೂ ಇರಲಿಲ್ಲ.

ಬಿರಿದ ಗೋಡೆಗೆ ಹಣ ಸುರಿದು ತೇಪೆ ಹಾಕಿಸಬಹುದು. ಎಲ್ಲ ನಷ್ಟಗಳೂ ಹಣದಲ್ಲಿ ಮುಗಿಯುವುದಿಲ್ಲ. ೨೦೧೯ರ ಮಾರ್ಚಿ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿಯ ಕಟ್ಟಡ ಕುಸಿದು ೧೯ ಜನ ಸತ್ತರು. ಅದು ವಸತಿಯ ಮನೆಯಲ್ಲ, ವಾಣಿಜ್ಯದ ಕಟ್ಟಡ. ಆದರೂ ಇಟ್ಟಿಗೆ, ಉಸುಕು, ಕಬ್ಬಿಣಗಳು ಮಾಡಿದವನ ತಪ್ಪನ್ನು ಮನೆಯಲ್ಲಾದರೆ ಕ್ಷಮಿಸುತ್ತವೆಯೇ? ಅದೇ ವರ್ಷದ ಆಗಸ್ಟಿನ ಮಳೆಗೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಪೂರ್ಣ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ಬಡವನ ಕೈಗೆ ಬಾಳಿನಲ್ಲಿ ಒಮ್ಮೆ ಬರುವ ಅಂಥ ಹಣವನ್ನು ಯಾರ ಕೈಗೆ ಒಪ್ಪಿಸಬೇಕೆಂದು ಅವನಿಗೆ ಹೇಳುವವರು ಬೇಡವೇ?

ಅನ್ಯ ದೇಶಗಳು ಈ ಪ್ರಶ್ನೆಯನ್ನು ಎಂದೋ ಕೇಳಿಕೊಂಡಿವೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಗುತ್ತಿಗೆದಾರರಿಗೆ ಪರವಾನಗಿ ಕೊಡುವ ವ್ಯವಸ್ಥೆ ೧೯೨೯ರಷ್ಟು ಹಿಂದಿನದು. ಅಲ್ಲಿ ಪರವಾನಗಿ ಬೇಡುವವನು ಆ ಕಸುಬಿನಲ್ಲಿ ನಾಲ್ಕು ವರ್ಷ ನುರಿತಿರಬೇಕು, ಪರೀಕ್ಷೆ ಕೊಡಬೇಕು, ೨೫,೦೦೦ ಡಾಲರಿನ ಜಾಮೀನು ಪತ್ರ ಒದಗಿಸಬೇಕು. ಮನೆಯ ದುರಸ್ತಿ, ಸುಧಾರಣೆಗಳ ಕೆಲಸದಲ್ಲಿ ಅವನು ಪಡೆಯಬಹುದಾದ ಮುಂಗಡವಾದರೂ ಒಟ್ಟು ಮೊತ್ತದ ಹತ್ತನೆಯ ಒಂದು ಪಾಲು ಅಥವಾ ೧,೦೦೦ ಡಾಲರು, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟೇ. ಈ ಕೊನೆಯ ನಿಯಮವನ್ನು ಓದಿದಾಗ ನನ್ನ ಮುಕ್ಕಾಲು ಪಾಲು ನೆನಪಾಗಿ ನಕ್ಕೆನು.

‘ಪರವಾನಗಿ ಎಂದರೆ ಲಂಚಕ್ಕೆ ಇನ್ನೊಂದು ಕಿಟಕಿ; ಓದು ಬಾರದ ಗೌಂಡಿಯ ಅನ್ನ ಕಸಿಯುವ ಉಪಾಯ’ ಎಂದು ವಾಚಕರಲ್ಲಿ ಕೆಲವರು ಹೇಳಬಹುದು. ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಅಕ್ಷರ ಬಲ್ಲವನಿಗೆ ಪರವಾನಗಿ, ಕರಣಿ ಬಲ್ಲವನಿಗೆ ನಿರುದ್ಯೋಗ ಎಂಬಂತಾದರೆ ಅದು ಅನ್ಯಾಯವೇ ಸರಿ. ಆದರೆ ಕೈಕೆಲಸವನ್ನು ಕೈಕೆಲಸದಿಂದಲೇ ಪರೀಕ್ಷಿಸಬಹುದಷ್ಟೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಹಳ್ಳಿಯ ಗೌಂಡಿಗಳಿಗೆ ಮನೆ ಕಟ್ಟುತ್ತಿರುವ ಸ್ಥಳದಲ್ಲಿಯೇ ೪೫ ದಿನಗಳ ತರಬೇತಿ ಕೊಟ್ಟು ಪ್ರಮಾಣಪತ್ರ ಕೊಡುವ ಪದ್ಧತಿಯಿದೆ. ಅದನ್ನೇ ವಿಸ್ತರಿಸಿದರೆ ಸಾಕು. ಗೋಡೆಯೇ ಪ್ರಶ್ನಪತ್ರಿಕೆ, ಗೋಡೆಯೇ ಉತ್ತರ.

ಕಟ್ಟಿದವನು ತನ್ನ ಕೆಲಸಕ್ಕೆ ಹೆಸರು ಹಾಕುವುದು ನಮಗೆ ಹೊಸದೂ ಅಲ್ಲ. ಹಿರೇಕೆರೂರಿಗೆ ನೆರೆಯಲ್ಲಿಯೇ ಇರುವ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ೧೨ನೆಯ ಶತಮಾನದಲ್ಲಿ ಬೇಲೂರಿನವರೆಗೆ ಹೋಗಿ, ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನೂ ಕೊರೆದರು. ದಾಸೋಜನ ಹೆಸರಿನ ಕೊನೆಯ ‘ಓಜ’ ಎಂಬುದು ಉಪಾಧ್ಯಾಯ ಶಬ್ದದ ತದ್ಭವ. ಪೋರ್ಚುಗೀಸರಿಂದ ಬಂದ ‘ಮೇಸ್ತ್ರಿ’ ಎಂಬ ಮಾತಿನ ಮೂಲಾರ್ಥವೂ ಗುರು ಎಂದೇ. ಎರಡು ಕಾಲಗಳು ಕಟ್ಟುವವನನ್ನು ಕರೆಯಲು ಉಪಾಧ್ಯಾಯನ ಪದವಿಯನ್ನೇ ಆರಿಸಿಕೊಂಡವು. ತರಗತಿಯಲ್ಲಿ ಪಾಠ ಹೇಳಲು ನನ್ನಿಂದ ಎಂ.ಎ. ಪದವಿಯನ್ನು ಕೇಳಿದವರು ನನ್ನನ್ನು ಅವಮಾನಿಸಿದರೆಂದು ನಾನು ತಿಳಿಯಲಿಲ್ಲ. ವಿಚಾರಣೆ ಅವಿಶ್ವಾಸವಲ್ಲ, ಕಸುಬಿಗೆ ಕೊಡುವ ಮರ್ಯಾದೆ.

ಇದನ್ನು ನನಗೆ ಕಲಿಸಿದವರು, ನಿಂತ ಕೆಲಸವನ್ನು ಮುಗಿಸಿಕೊಟ್ಟ ಹಿರಿಯ ಗೌಂಡಿ. ಈ ಸಲ ಅವರು ಮೂರು ವರ್ಷದ ಹಿಂದೆ ಎರೆನೆಲದಲ್ಲಿ ಕಟ್ಟಿದ ಮನೆಯೊಂದನ್ನು ಮೊದಲು ಹೋಗಿ ನೋಡಿದೆ. ಯಜಮಾನನನ್ನಲ್ಲ, ಒಡತಿಯನ್ನು ಕೇಳಿದೆ. ಯಾವ ಗೋಡೆ ಮಳೆಗೆ ತೇವವಾಗುತ್ತದೆಂದು ಬಲ್ಲವಳು ಅವಳೇ. ಆಮೇಲೆ ಅಳುಕುತ್ತಲೇ ಕರಾರಿನ ಮಾತೆತ್ತಿದೆ. “ಬರೀರಿ ಸರ, ನನಗೂ ಛಲೋ ಆತು. ರೊಕ್ಕಾ ಕೊಡೂ ಹೊತ್ತಿಗೆ ಎಷ್ಟ ಮಂದಿ ಮಾಲಕರ ಮಾತು ತಿರುಗತಾವ, ನಿಮಗ ಗೊತ್ತಿಲ್ಲ” ಎಂದರು. ಎಲ್ಲ ಗೌಂಡಿಗಳೂ ಮೋಸಗಾರರೆಂದು ನಂಬಿ ಕುಳಿತಿದ್ದ ನನಗೆ, ಮೋಸಹೋದ ಗೌಂಡಿಗಳೂ ಇದ್ದಾರೆಂದು ಆಗ ಹೊಳೆಯಿತು. ಸಿಮೆಂಟಿನ ತರ, ಕಬ್ಬಿಣದ ತೂಕ, ಚದರಡಿಯ ದರ, ಕೂಲಿಯವರಿಗೆ ಪೆಟ್ಟಾದರೆ ಹೊಣೆ ಯಾರದು ಎಂಬುದನ್ನೆಲ್ಲ ಎರಡು ಹಾಳೆಗಳಲ್ಲಿ ಬರೆದೆವು. ಕೆಲಸದ ಒಂದೊಂದು ಹಂತ ಮುಗಿದ ಮೇಲೆ ಒಂದೊಂದು ಕಂತು. ಹತ್ತರಲ್ಲೊಂದು ಪಾಲು ಒಂದು ಮಳೆಗಾಲ ಕಳೆದ ಮೇಲೆ. ಇಬ್ಬರೂ ರುಜು ಹಾಕಿದೆವು. ಮಳೆಗಾಲ ಕಳೆಯಿತು, ಆ ಪಾಲನ್ನು ಅವರ ಮನೆಗೇ ಹೋಗಿ ಕೊಟ್ಟು ಬಂದೆ.

ನನ್ನ ಬೇಡಿಕೆ ದೊಡ್ಡದಲ್ಲ. ಮನೆ ಕಟ್ಟಲು ಅನುಮತಿ ಕೊಡುವ ಪ್ರತಿಯೊಂದು ಪುರಸಭೆ, ಗ್ರಾಮ ಪಂಚಾಯಿತಿಗಳಲ್ಲಿ, ಕಟ್ಟುವವನ ಹೆಸರು, ವಿಳಾಸ, ರುಜುಗಳುಳ್ಳ ಒಂದು ದಾಖಲೆ ಪುಸ್ತಕವಿರಲಿ. ಅವನು ಹಿಂದೆ ಕಟ್ಟಿದ ಮನೆಗಳ ಪಟ್ಟಿ ಅದರಲ್ಲಿರಲಿ. ಯಾರು ಬಂದು ಕೇಳಿದರೂ ತೋರಿಸಲಿ. ಶುಲ್ಕ ಒಂದು ದಿನದ ಕೂಲಿಯನ್ನು ಮೀರದಿರಲಿ. ಪರೀಕ್ಷೆ, ಪರವಾನಗಿಗಳು ಅದರ ಹಿಂದೆ ನಿಧಾನವಾಗಿ ಬರಲಿ. ಅದು ಬರುವವರೆಗೆ ಮನೆ ಕಟ್ಟಿಸುವವರು ಸಂಕೋಚವನ್ನು ಬಿಟ್ಟು ಕೇಳಬೇಕು, ಬರೆಯಬೇಕು. ಕೇಳಲು ನಾಚಿದ ಒಂದು ಗಳಿಗೆಯ ಬೆಲೆಯನ್ನು ನಾನು ಇನ್ನೂ ಸಾಲದ ಕಂತುಗಳಲ್ಲಿ ತೆರುತ್ತಿದ್ದೇನೆ.